ಶಿಕ್ಷೆ, ಶಿಕ್ಷಣ ಮತ್ತು ಒಬ್ಬ ತಂದೆ

ಕಳೆದ ವರ್ಷ ನನ್ನ ಪರಿಚಯದ ಗೃಹಸ್ಥರೊಬ್ಬರಿಗೆ ಒಂದೇ ದಿನ ಎರಡು ಕಡೆಯಿಂದ ಕರೆ ಬಂದಿತು. ಮೊದಲನೆಯದು ಮಗನ ಶಾಲೆಯಿಂದ, ಬೆಳಗ್ಗೆ ಹನ್ನೊಂದು ಗಂಟೆಗೆ. ಎರಡನೆಯದು ಪೊಲೀಸ್ ಠಾಣೆಯಿಂದ, ಸಂಜೆ ದೀಪ ಹಚ್ಚುವ ಹೊತ್ತಿಗೆ. ಹುಡುಗನಿಗೆ ಹದಿನೈದು ವರ್ಷ. ಒಂಬತ್ತನೆಯ ತರಗತಿಯ ವಿದ್ಯಾರ್ಥಿ. ಬಿಡುವಿನ ವೇಳೆಯಲ್ಲಿ ಮಾತಿಗೆ ಮಾತು ಬೆಳೆದು, ಕೈಯಲ್ಲಿದ್ದ ಕೈವಾರದಿಂದ ಅವನು ಸಹಪಾಠಿಯ ಮುಖಕ್ಕೆ ತಿವಿದಿದ್ದ. ಗಾಯ ಕಣ್ಣಿಗಿಂತ ಒಂದು ಬೆರಳಿನಷ್ಟು ಕೆಳಗೆ ಆಗಿತ್ತು. ಆ ಒಂದು ಬೆರಳಿನ ಅಂತರದಲ್ಲಿ ಎರಡು ಮನೆಗಳ ಭವಿಷ್ಯ ಉಳಿದುಕೊಂಡಿತೆಂದು ಅವರು ಆಮೇಲೆ ನನ್ನೊಡನೆ ಹೇಳಿದ್ದುಂಟು.

ಶಾಲೆಯಲ್ಲಿ ಮುಖ್ಯೋಪಾಧ್ಯಾಯರು ಕೂಗಾಡಲಿಲ್ಲ. ಬಹಳ ಸೌಮ್ಯವಾಗಿಯೇ ಮಾತನಾಡಿದರು. "ನಿಮ್ಮ ಹುಡುಗನನ್ನು ಇನ್ನು ನಾವು ಇಟ್ಟುಕೊಳ್ಳುವಂತಿಲ್ಲ, ಸ್ವಾಮಿ. ಗಲಾಟೆಯಿಲ್ಲದೆ ಟಿ.ಸಿ. ತೆಗೆದುಕೊಂಡು ಹೋಗಿ. ನಡತೆ ಎಂಬಲ್ಲಿ 'ತೃಪ್ತಿಕರ' ಎಂದೇ ಬರೆಸುತ್ತೇನೆ" ಎಂದರು. ಇದು ಉಪಕಾರವೆಂದೇ ತಂದೆಗೆ ಆ ಕ್ಷಣಕ್ಕೆ ತೋರಿತು. ಮನೆಗೆ ಬರುವ ದಾರಿಯಲ್ಲಿ ಮಾತ್ರ ಅವರಿಗೊಂದು ಸಂಶಯ ಹುಟ್ಟಿತು: ನಡತೆ ತೃಪ್ತಿಕರವಾಗಿದ್ದರೆ ಶಾಲೆ ಬಿಡಿಸುವುದೇಕೆ? ತೃಪ್ತಿಕರವಲ್ಲದಿದ್ದರೆ, ಅದನ್ನು ತಿದ್ದುವವರು ಯಾರು?

ಎರಡು ಬುದ್ಧಿವಾದ

ಅಂದು ರಾತ್ರಿ ಮನೆಯಲ್ಲಿ ನೆಂಟರಿಷ್ಟರು ಸೇರಿದರು. ಬುದ್ಧಿ ಹೇಳುವವರಿಗೆ ನಮ್ಮಲ್ಲಿ ಬರಗಾಲವಿಲ್ಲ. ಅವರ ಅಣ್ಣ ಹೇಳಿದರು: "ಠಾಣೆಯಲ್ಲಿ ನನಗೆ ಗೊತ್ತಿರುವವರಿದ್ದಾರೆ. ಒಂದು ಮಾತಿನಲ್ಲಿ ಮುಗಿಸಿಬಿಡೋಣ. ಆ ಹುಡುಗ ತಾನೇ ಬಿದ್ದು ಗಾಯ ಮಾಡಿಕೊಂಡನೆಂದು ಇಬ್ಬರು ಮಕ್ಕಳಿಂದ ಹೇಳಿಸಿದರೆ ಸಾಕು." ಭಾವಮೈದುನರ ಅಭಿಪ್ರಾಯ ಬೇರೆ: "ಎರಡು ದಿನ ಪೊಲೀಸರ ಕೈಯಲ್ಲೇ ಬಿಡಿ, ಭಾವ. ನಾಲ್ಕು ಏಟು ಬಿದ್ದರೆ ತಾನೇ ಬುದ್ಧಿ ಬರುತ್ತದೆ. ಗಿಡವಾಗಿ ಬಗ್ಗದ್ದು ಮರವಾಗಿ ಬಗ್ಗೀತೇ?"

ಮೊದಲನೆಯ ದಾರಿ ಮಗನನ್ನು ಮುಚ್ಚಿಡುವುದು. ಎರಡನೆಯದು ಮಗನನ್ನು ಕೈಬಿಡುವುದು. ಒಂದರಲ್ಲಿ ಪ್ರೀತಿಯ ವೇಷವಿದೆ, ಇನ್ನೊಂದರಲ್ಲಿ ನೀತಿಯ ವೇಷ. ಹದಿಹರೆಯದ ಮಕ್ಕಳ ಅಪರಾಧವನ್ನು ಕುರಿತು ನಮ್ಮ ಸಮಾಜದಲ್ಲಿ ಇಂದು ನಡೆಯುತ್ತಿರುವ ಚರ್ಚೆಯೆಲ್ಲ ಈ ಎರಡು ದಾರಿಗಳ ನಡುವೆಯೇ ಓಲಾಡುತ್ತಿದೆ. ಪರರ ಮಗ ತಪ್ಪಿದರೆ ಕಠಿಣ ಶಿಕ್ಷೆಯಾಗಲೆಂದು ಕೂಗುತ್ತೇವೆ. ನಮ್ಮ ಮಗ ತಪ್ಪಿದರೆ ಪರಿಚಿತರ ದೂರವಾಣಿ ಸಂಖ್ಯೆ ಹುಡುಕುತ್ತೇವೆ. ಇವೆರಡರ ನಡುವೆ ಮೂರನೆಯ ದಾರಿಯೊಂದಿದೆಯೇ ಎಂಬುದೇ ಈ ಲೇಖನದ ಪ್ರಶ್ನೆ.

ಪ್ರಶ್ನೆ ಒಂದು ಮನೆಯದಲ್ಲ. ರಾಷ್ಟ್ರೀಯ ಅಪರಾಧ ದಾಖಲೆಗಳ ಕೇಂದ್ರದ ಲೆಕ್ಕದಂತೆ ಹದಿನೆಂಟು ತುಂಬದವರ ಮೇಲೆ ದೇಶದಲ್ಲಿ 2021ರಲ್ಲಿ 31,170, 2022ರಲ್ಲಿ 30,555 ಪ್ರಕರಣಗಳು ದಾಖಲಾದವು. ಇವರಲ್ಲಿ ಬಹುಪಾಲು ಹದಿನಾರರಿಂದ ಹದಿನೆಂಟರೊಳಗಿನವರು. ಇನ್ನೂ ಗಮನಿಸಬೇಕಾದ ಅಂಶವೆಂದರೆ, ಅವರಲ್ಲಿ ಹೆಚ್ಚಿನವರು ಬೀದಿಯಲ್ಲಿ ಬೆಳೆದ ಅನಾಥರಲ್ಲ. ತಂದೆತಾಯಿಗಳ ಜತೆಯಲ್ಲಿ, ಒಂದು ಸೂರಿನ ಕೆಳಗೆ ಬಾಳುತ್ತಿದ್ದವರು. ಎಂದರೆ ಆ ಮೂವತ್ತು ಸಾವಿರ ಪ್ರಕರಣಗಳ ಹಿಂದೆ ಅಷ್ಟೇ ಸಂಖ್ಯೆಯ ಮನೆಗಳಲ್ಲಿ, ಒಂದು ಸಂಜೆ, ಯಾರೋ ಒಬ್ಬ ತಾಯಿ ಅಥವಾ ತಂದೆ ಏನು ಮಾಡಬೇಕೆಂದು ತಿಳಿಯದೆ ಕುಳಿತಿದ್ದಾರೆ.

ಮಾಂಡವ್ಯನ ಶಾಪ

ಮಕ್ಕಳ ತಪ್ಪಿಗೆ ಶಿಕ್ಷೆ ಎಷ್ಟು ಎಂಬ ಪ್ರಶ್ನೆ ನಮ್ಮವರಿಗೆ ಹೊಸದೇನೂ ಅಲ್ಲ. ಮಹಾಭಾರತದ ಆದಿಪರ್ವದಲ್ಲಿ ಬರುವ ಮಾಂಡವ್ಯ ಋಷಿಯ ಕಥೆಯನ್ನು ವಾಚಕರು ಬಲ್ಲರು. ಮೌನವ್ರತದಲ್ಲಿದ್ದ ಋಷಿಯ ಆಶ್ರಮದಲ್ಲಿ ಕಳ್ಳರು ಕದ್ದ ಮಾಲನ್ನು ಬಚ್ಚಿಟ್ಟರು. ರಾಜಭಟರು ಕಳ್ಳರೊಡನೆ ಋಷಿಯನ್ನೂ ಶೂಲಕ್ಕೇರಿಸಿದರು. ಬದುಕಿ ಉಳಿದ ಮಾಂಡವ್ಯ ಧರ್ಮದೇವತೆಯ ಬಳಿಗೆ ಹೋಗಿ, ತನಗೇಕೆ ಈ ಯಾತನೆ ಎಂದು ಕೇಳಿದ. ಬಾಲ್ಯದಲ್ಲಿ ಪತಂಗಗಳ ಬಾಲಕ್ಕೆ ಹುಲ್ಲುಕಡ್ಡಿ ಚುಚ್ಚಿದ್ದರ ಫಲವೆಂದು ಉತ್ತರ ಬಂದಿತು. ಅಲ್ಪ ತಪ್ಪಿಗೆ ಅನಲ್ಪ ದಂಡವೆಂದು ಕುಪಿತನಾದ ಋಷಿ, ಧರ್ಮನೇ ಮನುಷ್ಯನಾಗಿ ಹುಟ್ಟಲೆಂದು ಶಪಿಸಿದ. ಅಷ್ಟಕ್ಕೇ ನಿಲ್ಲದೆ, ಹದಿನಾಲ್ಕು ವರ್ಷದ ತನಕ ಮಾಡಿದ ಕೃತ್ಯ ಪಾತಕವೆನಿಸದೆಂದು ಮೇರೆಯನ್ನೂ ಹಾಕಿದ. ತೀರ್ಪು ಕೊಡುವವನಿಗೇ ಬಾಲಕನೊಬ್ಬನ ಪರವಾಗಿ ಶಿಕ್ಷೆಯಾದ ಕಥೆ ಇದು.

ಆಧುನಿಕ ಕಾನೂನು ಅದೇ ದಾರಿಯನ್ನು ನಿಧಾನವಾಗಿ ನಡೆದು ಬಂದಿದೆ. 1897ರ ಸುಧಾರಣಾ ಶಾಲೆಗಳ ಅಧಿನಿಯಮ ಹುಡುಗರನ್ನು ಸೆರೆಮನೆಯ ಬದಲು ಶಾಲೆಯಂಥ ಸ್ಥಳದಲ್ಲಿ ಇಡಬೇಕೆಂದಿತು. ಮದರಾಸು ಪ್ರಾಂತದಲ್ಲಿ 1920ರಲ್ಲಿಯೂ, ಮುಂಬಯಿ ಪ್ರಾಂತದಲ್ಲಿ 1924ರಲ್ಲಿಯೂ ಮಕ್ಕಳ ಅಧಿನಿಯಮಗಳು ಬಂದವು. ಆಗ ಬಳ್ಳಾರಿ, ದಕ್ಷಿಣ ಕನ್ನಡಗಳು ಮದರಾಸಿಗೂ, ಧಾರವಾಡ, ಬೆಳಗಾವಿ, ವಿಜಾಪುರಗಳು ಮುಂಬಯಿಗೂ ಸೇರಿದ್ದುದರಿಂದ ನಮ್ಮ ನಾಡಿನ ಎರಡು ಅಂಚುಗಳಿಗೆ ಈ ವಿಚಾರ ಶತಮಾನದ ಹಿಂದೆಯೇ ತಲುಪಿತ್ತೆನ್ನಬಹುದು. ದೇಶಕ್ಕೆಲ್ಲ ಒಂದೇ ಬಾಲ ನ್ಯಾಯ ಕಾನೂನು ಬಂದದ್ದು 1986ರಲ್ಲಿ. ಅದರಲ್ಲಿ ಹುಡುಗರಿಗೆ ಹದಿನಾರು, ಹುಡುಗಿಯರಿಗೆ ಹದಿನೆಂಟು ವಯಸ್ಸಿನ ಮಿತಿ. 2000ದ ಕಾನೂನು ಇಬ್ಬರಿಗೂ ಹದಿನೆಂಟೆಂದಿತು. 2012ರ ಡಿಸೆಂಬರಿನ ದೆಹಲಿಯ ಘೋರ ಕೃತ್ಯದಲ್ಲಿ ಹದಿನೆಂಟಕ್ಕೆ ಕೆಲವು ತಿಂಗಳಷ್ಟೇ ಕಡಿಮೆಯಿದ್ದ ಹುಡುಗನೊಬ್ಬನೂ ಇದ್ದುದರಿಂದ ದೇಶ ಕನಲಿತು. ಅದರ ಪರಿಣಾಮವಾಗಿ 2015ರ ಕಾನೂನು ಹುಟ್ಟಿತು. ಹದಿನಾರು ದಾಟಿದವರು ಘೋರ ಅಪರಾಧ ಮಾಡಿದ್ದರೆ, ಅವರ ಮಾನಸಿಕ ಸಾಮರ್ಥ್ಯವನ್ನು ಪರಿಶೀಲಿಸಿ ವಯಸ್ಕರಂತೆ ವಿಚಾರಿಸಲು ಅವಕಾಶ ದೊರೆಯಿತು. 2016ರ ಜನವರಿ 15ರಿಂದ ಅದು ಜಾರಿಯಲ್ಲಿದೆ.

ಘೋರವಲ್ಲದ ಅಪರಾಧಗಳ ವಿಷಯದಲ್ಲಿ ಮಾತ್ರ ಈ ಕಾನೂನಿನ ಹೃದಯ ಮಾಂಡವ್ಯನದೇ. ಕೈವಾರದ ಹುಡುಗನ ತಂದೆಗೆ ಅದು ತಿಳಿದಿರಲಿಲ್ಲ. ನಮ್ಮಲ್ಲಿ ಎಷ್ಟು ಜನ ತಂದೆತಾಯಿಗಳಿಗೆ ತಿಳಿದಿದೆ?

ಮಂಡಳಿಯ ಮುಂದೆ

ತಿಳಿದಿರಬೇಕಾದ ಸಂಗತಿಗಳನ್ನು ಸಂಕ್ಷೇಪವಾಗಿ ಹೇಳುತ್ತೇನೆ. ಏಳು ವರ್ಷಕ್ಕೆ ಕಡಿಮೆಯಿಲ್ಲದ ಸೆರೆವಾಸ ವಿಧಿಸಬಹುದಾದ ಘೋರ ಅಪರಾಧವಲ್ಲದಿದ್ದರೆ, ಮತ್ತು ವಯಸ್ಕರು ಅದರಲ್ಲಿ ಜತೆಗೂಡಿಲ್ಲದಿದ್ದರೆ, ಮಗುವಿನ ಮೇಲೆ ಎಫ್.ಐ.ಆರ್. ದಾಖಲಿಸಬಾರದೆಂದು 2016ರ ಮಾದರಿ ನಿಯಮಗಳು ಹೇಳುತ್ತವೆ. ಠಾಣೆಯ ದಿನಚರಿಯಲ್ಲಿ ವಿಷಯವನ್ನು ಬರೆದು, ಹುಡುಗನ ಮನೆ, ಶಾಲೆ, ಸಂಗ ಇವುಗಳ ವರದಿಯೊಡನೆ ಬಾಲ ನ್ಯಾಯ ಮಂಡಳಿಗೆ ಕಳಿಸಬೇಕು. ಹಿಡಿದು ತಂದ ಮಗುವನ್ನು ಲಾಕಪ್ಪಿನಲ್ಲಿ ಇಡುವಂತಿಲ್ಲ, ಕೈಕೋಳ ತೊಡಿಸುವಂತಿಲ್ಲ, ಇಪ್ಪತ್ತನಾಲ್ಕು ಗಂಟೆಗಳೊಳಗೆ ಮಂಡಳಿಯ ಮುಂದೆ ತರಬೇಕು, ತಂದೆತಾಯಿಗಳಿಗೆ ತಿಳಿಸಲೇಬೇಕು. ಜಾಮೀನು ಕೊಡುವುದೇ ನಿಯಮ, ನಿರಾಕರಿಸುವುದು ಅಪವಾದ. ಭಾವಮೈದುನರು ಬಯಸಿದ ನಾಲ್ಕು ಏಟುಗಳಿಗೆ ಈ ಕಾನೂನಿನಲ್ಲಿ ಎಲ್ಲಿಯೂ ಸ್ಥಳವಿಲ್ಲ.

ಮಂಡಳಿಯಲ್ಲಿ ಒಬ್ಬರು ಮ್ಯಾಜಿಸ್ಟ್ರೇಟರು, ಇಬ್ಬರು ಸಮಾಜ ಕಾರ್ಯಕರ್ತರು; ಆ ಇಬ್ಬರಲ್ಲಿ ಒಬ್ಬರಾದರೂ ಮಹಿಳೆ. ಅವರು ಎತ್ತರದ ಪೀಠದ ಮೇಲೆ ಕೂರುವಂತಿಲ್ಲ. ಅವರಿಗೂ ಮಗುವಿಗೂ ನಡುವೆ ಕಟಕಟೆ ಇರಕೂಡದು. ಸಣ್ಣ ಅಪರಾಧದ ವಿಚಾರಣೆ ನಾಲ್ಕು ತಿಂಗಳಲ್ಲಿ, ಹೆಚ್ಚೆಂದರೆ ಇನ್ನೆರಡು ತಿಂಗಳಲ್ಲಿ ಮುಗಿಯಬೇಕು. ಮುಗಿಯದಿದ್ದರೆ ಪ್ರಕರಣ ಅಲ್ಲಿಗೇ ಸಮಾಪ್ತಿ. ತಪ್ಪು ಸಾಬೀತಾದರೂ ಬುದ್ಧಿ ಹೇಳಿ ಮನೆಗೆ ಕಳಿಸುವುದು, ಆಪ್ತಸಮಾಲೋಚನೆಗೆ ಕಳಿಸುವುದು, ಸಮಾಜ ಸೇವೆ ಮಾಡಿಸುವುದು, ತಂದೆತಾಯಿಗಳಿಂದ ದಂಡ ಕಟ್ಟಿಸುವುದು, ಪರಿವೀಕ್ಷಣಾಧಿಕಾರಿಯ ಕಣ್ಗಾವಲಿನಲ್ಲಿ ಇಡುವುದು, ಹೀಗೆ ಮೆಟ್ಟಿಲುಗಳಿವೆ. ವಿಶೇಷ ಗೃಹಕ್ಕೆ ಕಳಿಸುವುದು ಕೊನೆಯ ಮೆಟ್ಟಿಲು. ಆ ಮೇಲೆ, ನಿಯಮಿತ ಅವಧಿ ಕಳೆದೊಡನೆ, ದಾಖಲೆಯನ್ನು ನಾಶಪಡಿಸಬೇಕು. ಮುಂದೆ ಉದ್ಯೋಗಕ್ಕಾಗಲಿ ವ್ಯಾಸಂಗಕ್ಕಾಗಲಿ ಅದು ಅಡ್ಡಿಯಾಗಬಾರದು. ಮಗುವಿನ ಗುರುತನ್ನು ಯಾರೂ ಪ್ರಕಟಿಸುವಂತಿಲ್ಲ. ನಾನು ಇಲ್ಲಿ ಊರು, ಶಾಲೆ, ಹೆಸರು ಹೇಳದಿರುವುದು ಸೌಜನ್ಯಕ್ಕಾಗಿಯೂ ಹೌದು, ಕಾನೂನಿಗಾಗಿಯೂ ಹೌದು.

ಬರೆದದ್ದೆಲ್ಲ ನಡೆಯುತ್ತದೆಂದು ನಾನು ಹೇಳಲಾರೆ. ಹುಡುಗನನ್ನು ಠಾಣೆಯ ಬೆಂಚಿನ ಮೇಲೆ ದಿನವಿಡೀ ಕೂರಿಸುವುದು, ಗದರಿಸಿ ಹೇಳಿಕೆ ಬರೆಸಿಕೊಳ್ಳುವುದು ನಮಗೆ ಅಪರಿಚಿತವೇನಲ್ಲ. ಬಡವರ ಪಾಡಂತೂ ಬೇರೆಯೇ. ಮಂಡಳಿಯ ಮುಂದೆ ಪ್ರತಿ ಸಲ ಹಾಜರಾಗಲು ಕೂಲಿಯ ತಾಯಿ ಒಂದು ದಿನದ ಅನ್ನವನ್ನು ಬಿಡಬೇಕು. ಅವಳು ಬರದ ದಿನ, ಮಗುವಿಗೆ ಯಾರೂ ದಿಕ್ಕಿಲ್ಲವೆಂದು ಕಡತ ತಿಳಿಯುತ್ತದೆ. ಹಟ್ಟಿಯಲ್ಲಿ ಒಲೆ ಹೊತ್ತಿಲ್ಲವೆಂಬುದು ಕಡತಕ್ಕೆ ತಿಳಿಯದು. ಮಕ್ಕಳಿಗೆ, ಕುಟುಂಬದ ಆದಾಯ ಎಷ್ಟೇ ಇರಲಿ, ಉಚಿತವಾಗಿ ವಕೀಲರನ್ನು ಕೊಡಬೇಕೆಂದು 1987ರ ಕಾನೂನು ಸೇವೆಗಳ ಅಧಿನಿಯಮದಲ್ಲಿಯೇ ಇದೆ. ಜಿಲ್ಲಾ ಕಾನೂನು ಸೇವಾ ಪ್ರಾಧಿಕಾರದ ಬಾಗಿಲಿಗೆ ಹೋಗಿ ಕೇಳುವುದಷ್ಟೇ ಕೆಲಸ. ಆದರೆ ಕೇಳಬಹುದೆಂದು ಹೇಳುವವರು ಬೇಕು. ಊರಿನಲ್ಲಿ ಆ ಮಾತನ್ನು ಹೇಳಬಲ್ಲವರು ಯಾರು? ಶಾಲೆಯ ಉಪಾಧ್ಯಾಯರಲ್ಲವೇ?

ಶಾಲೆಯ ಬಾಗಿಲು

ಇಲ್ಲಿಯೇ ನಮ್ಮ ವ್ಯವಸ್ಥೆಯ ವಿಚಿತ್ರವೊಂದು ಕಾಣುತ್ತದೆ. ದಂಡಿಸುವುದಕ್ಕಾಗಿಯೇ ಇರುವ ಕಾನೂನು ಹುಡುಗನನ್ನು ಹದಿನೆಂಟರವರೆಗೆ ಮಗುವೆನ್ನುತ್ತದೆ. ಕಲಿಸುವುದಕ್ಕಾಗಿ ಇರುವ ಕಾನೂನು ಅವನನ್ನು ಹದಿನಾಲ್ಕಕ್ಕೇ ಕೈಬಿಡುತ್ತದೆ. 2009ರ ಶಿಕ್ಷಣ ಹಕ್ಕಿನ ಅಧಿನಿಯಮದಂತೆ, ಎಂಟನೆಯ ತರಗತಿ ಮುಗಿಯುವ ತನಕ ಯಾವ ಮಗುವನ್ನೂ ಶಾಲೆಯಿಂದ ಹೊರಹಾಕುವಂತಿಲ್ಲ. 2019ರ ತಿದ್ದುಪಡಿ ಐದು ಮತ್ತು ಎಂಟನೆಯ ತರಗತಿಗಳಲ್ಲಿ ಅನುತ್ತೀರ್ಣರನ್ನು ಅಲ್ಲಿಯೇ ಉಳಿಸಿಕೊಳ್ಳಲು ರಾಜ್ಯಗಳಿಗೆ ಅವಕಾಶವಿತ್ತರೂ, ಹೊರಹಾಕಲು ಅವಕಾಶ ಕೊಡಲಿಲ್ಲ. ಆದರೆ ಒಂಬತ್ತನೆಯ ತರಗತಿಯ ಹೊಸ್ತಿಲು ದಾಟಿದೊಡನೆ ಆ ರಕ್ಷೆ ಕಳಚಿಬೀಳುತ್ತದೆ. ಧ್ವನಿ ಒಡೆಯುವ, ಮೀಸೆ ಚಿಗುರುವ, ಅವಮಾನವನ್ನು ಅರೆಕ್ಷಣ ತಾಳಲಾರದ ವಯಸ್ಸು ಯಾವುದೋ, ಆ ವಯಸ್ಸಿಗೇ ಶಾಲೆಗೆ ಅವನನ್ನು ಕಳಿಸಿಬಿಡುವ ಸ್ವಾತಂತ್ರ್ಯ ದೊರೆಯುತ್ತದೆ. ಎಸ್.ಎಸ್.ಎಲ್.ಸಿ. ಫಲಿತಾಂಶದ ಶೇಕಡಾವಾರು ಲೆಕ್ಕವೂ ಅದೇ ಕಾಲಕ್ಕೆ ಹತ್ತಿರ ಬರುವುದರಿಂದ, ಆ ಸ್ವಾತಂತ್ರ್ಯವನ್ನು ಬಳಸುವ ಆಸೆಯೂ ಬಲವಾಗುತ್ತದೆ.

ಉಪಾಧ್ಯಾಯರನ್ನು ದೂರುವುದು ಸುಲಭ. ಅವರ ಕಷ್ಟವನ್ನೂ ನೋಡಬೇಕು. ಹಿಂದಿನ ಕೂಲಿಮಠಗಳಲ್ಲಿ ಬೆತ್ತವಿತ್ತು, ಬಾಲಕರನ್ನು ಹಗ್ಗಕ್ಕೆ ನೇತುಹಾಕುವ ಕೋದಂಡವಿತ್ತು. ಅವು ಹೋದದ್ದು ಒಳ್ಳೆಯದಾಯಿತು. ಆದರೆ ಬೆತ್ತವನ್ನು ಕಿತ್ತುಕೊಂಡ ಸಮಾಜ ಅದರ ಸ್ಥಳದಲ್ಲಿ ಉಪಾಧ್ಯಾಯರ ಕೈಗೆ ಏನನ್ನೂ ಕೊಡಲಿಲ್ಲ. ಅರವತ್ತು ಮಕ್ಕಳ ತರಗತಿ, ಮುಗಿಯದ ಪಾಠಪಟ್ಟಿ, ಮಕ್ಕಳ ಮನಸ್ಸನ್ನು ಅರಿತ ಸಮಾಲೋಚಕರೊಬ್ಬರೂ ಇಲ್ಲದ ಶಾಲೆ, ಇನ್ನೊಂದೆಡೆ ಗಾಯಗೊಂಡ ಹುಡುಗನ ತಂದೆಯ ಕೋಪ. ಇವುಗಳ ನಡುವೆ ಸಿಕ್ಕಿದ ಮುಖ್ಯೋಪಾಧ್ಯಾಯರಿಗೆ ಟಿ.ಸಿ. ಒಂದೇ ಆಯುಧವಾಗಿ ತೋರಿದರೆ ಆಶ್ಚರ್ಯವೇನು?

ಬೇರೆ ಬಗೆಯ ನಡೆ ಸಾಧ್ಯವೆಂಬುದಕ್ಕೆ ನಮ್ಮಲ್ಲಿಯೇ ನಿದರ್ಶನವಿದೆ. 2022ರ ನವೆಂಬರಿನಲ್ಲಿ ಬೆಂಗಳೂರಿನ ಕೆಲವು ಶಾಲೆಗಳು ಎಂಟರಿಂದ ಹತ್ತನೆಯ ತರಗತಿಯವರೆಗಿನ ವಿದ್ಯಾರ್ಥಿಗಳ ಚೀಲಗಳನ್ನು ಪರೀಕ್ಷಿಸಿದಾಗ, ಮೊಬೈಲುಗಳಲ್ಲದೆ ಸಿಗರೇಟು, ಲೈಟರು, ಗರ್ಭನಿರೋಧಕಗಳೂ ಸಿಕ್ಕಿದ ಸುದ್ದಿ ದೇಶವನ್ನೇ ಬೆಚ್ಚಿಸಿತು. ಸುದ್ದಿಯ ಕೊನೆಯ ಸಾಲುಗಳನ್ನು ಮಾತ್ರ ಹೆಚ್ಚು ಜನ ಓದಲಿಲ್ಲ. ಆ ಮಕ್ಕಳನ್ನು ಅಮಾನತುಗೊಳಿಸುವ ಬದಲು, ತಂದೆತಾಯಿಗಳನ್ನು ಕರೆಸಿ, ಕೆಲವು ದಿನಗಳ ರಜೆ ಕೊಟ್ಟು, ಆಪ್ತಸಮಾಲೋಚನೆಗೆ ಕರೆದೊಯ್ಯುವಂತೆ ಶಾಲೆಗಳು ಸೂಚಿಸಿದ್ದವು. ಅದೇ ತಿಂಗಳು ಕರ್ನಾಟಕ ಉಚ್ಚ ನ್ಯಾಯಾಲಯದ ಧಾರವಾಡ ಪೀಠವು ಹದಿಹರೆಯದವರ ಪ್ರೇಮಪ್ರಕರಣವೊಂದನ್ನು ವಿಚಾರಿಸುತ್ತ, ಪೋಕ್ಸೋ ಕಾನೂನಿನಡಿ ಯಾವುದು ಅಪರಾಧ, ಅದರ ಫಲವೇನು ಎಂಬುದನ್ನು ಒಂಬತ್ತನೆಯ ತರಗತಿಯಿಂದಲೇ ತಿಳಿಸಬೇಕೆಂದು ಶಿಕ್ಷಣ ಇಲಾಖೆಗೆ ನಿರ್ದೇಶಿಸಿತು. ಕಾನೂನು ಏನೆಂದು ಅರಿಯದೆಯೇ ಅದರ ಬಲೆಗೆ ಬೀಳುವ ಮಕ್ಕಳಿದ್ದಾರೆಂಬುದನ್ನು ನ್ಯಾಯಾಲಯವೇ ಕಂಡು ಹೇಳಿದಂತಾಯಿತು.

'ಶಿಕ್ಷೆ' ಎಂಬ ಪದ ಸಂಸ್ಕೃತದಲ್ಲಿ ಕಲಿಕೆಯನ್ನು ಸೂಚಿಸುತ್ತದೆ. ವೇದದ ಆರು ಅಂಗಗಳಲ್ಲಿ ಒಂದರ ಹೆಸರೇ ಅದು. ಕನ್ನಡಕ್ಕೆ ಬಂದ ಮೇಲೆ ದಂಡನೆಯ ಅರ್ಥ ಮೇಲೆದ್ದು ನಿಂತಿತು. ಆದರೂ ಶಿಕ್ಷಕ, ಶಿಕ್ಷಣ ಎಂಬ ಮಾತುಗಳಲ್ಲಿ ಹಳೆಯ ಅರ್ಥ ಇನ್ನೂ ಉಸಿರಾಡುತ್ತಿದೆ. ಟಿ.ಸಿ. ಕೊಟ್ಟು ಕಳಿಸುವುದರಲ್ಲಿ ಈ ಎರಡು ಅರ್ಥಗಳೂ ಇಲ್ಲ. ಅಲ್ಲಿ ಹುಡುಗ ಏನನ್ನೂ ಕಲಿಯುವುದಿಲ್ಲ. ಸರಿಯಾಗಿ ದಂಡನೆಗೂ ಒಳಗಾಗುವುದಿಲ್ಲ. ಕಷ್ಟ ಒಂದು ಶಾಲೆಯ ಹಾಜರಿ ಪುಸ್ತಕದಿಂದ ಇನ್ನೊಂದರ ಹಾಜರಿ ಪುಸ್ತಕಕ್ಕೆ ವರ್ಗವಾಗುತ್ತದೆ, ಅಷ್ಟೆ.

ಪುಣೆಯ ಪಾಠ

ಶಾಲೆಯ ಮಾತು ಹೀಗಾದರೆ, ಮನೆಯ ಮಾತೇನು? ಮುಚ್ಚಿಡುವ ಪ್ರೀತಿ ಎಲ್ಲಿಗೆ ಒಯ್ಯಬಲ್ಲದೆಂಬ ಪ್ರಶ್ನೆಯನ್ನು 2024ರ ಪುಣೆಯ ಪ್ರಕರಣ ದೇಶದ ಮುಂದಿಟ್ಟಿತು. ಆ ವರ್ಷದ ಮೇ 19ರ ನಸುಕಿನಲ್ಲಿ, ಕಲ್ಯಾಣಿ ನಗರದಲ್ಲಿ, ಹದಿನೇಳರ ಹುಡುಗನೊಬ್ಬ ಓಡಿಸುತ್ತಿದ್ದನೆನ್ನಲಾದ ಪೋರ್ಷೆ ಕಾರು ಬೈಕಿಗೆ ಬಡಿದು ಇಬ್ಬರು ತರುಣ ಸಾಫ್ಟ್‌ವೇರ್ ಎಂಜಿನಿಯರುಗಳು ಅಸುನೀಗಿದರು. ಕೆಲವೇ ಗಂಟೆಗಳಲ್ಲಿ ಹುಡುಗನಿಗೆ ಜಾಮೀನು ದೊರೆಯಿತು. ರಸ್ತೆ ಅಪಘಾತಗಳನ್ನು ಕುರಿತು ಮುನ್ನೂರು ಪದಗಳ ಪ್ರಬಂಧ ಬರೆಯಬೇಕೆಂಬುದು ಷರತ್ತುಗಳಲ್ಲೊಂದು. ಎರಡು ಪ್ರಾಣಕ್ಕೆ ಮುನ್ನೂರು ಪದವೇ ಎಂದು ದೇಶ ಕೆರಳಿತು. ಕೆಲವು ದಿನಗಳೊಳಗೆ ಮಂಡಳಿ ಅವನನ್ನು ವೀಕ್ಷಣಾಲಯಕ್ಕೆ ಕಳಿಸಿತು. ಜೂನ್ 25ರಂದು ಮುಂಬಯಿ ಉಚ್ಚ ನ್ಯಾಯಾಲಯ, ಜನರ ಆಕ್ರೋಶ ಎಷ್ಟೇ ಇದ್ದರೂ ಕಾನೂನು ಕಾನೂನೇ ಎಂಬ ನಿಲುವಿನಿಂದ ಅವನ ಬಿಡುಗಡೆಗೆ ಆಜ್ಞಾಪಿಸಿತು. ವಯಸ್ಕನಂತೆ ವಿಚಾರಿಸಬೇಕೆಂಬ ಪೊಲೀಸರ ಕೋರಿಕೆಯನ್ನು 2025ರ ಜುಲೈಯಲ್ಲಿ ಮಂಡಳಿ ತಳ್ಳಿಹಾಕಿತು.

ಜನರ ಕೋಪವೆಲ್ಲ ಆ ಪ್ರಬಂಧದ ಮೇಲೆ ಹರಿಯಿತು. ನನಗೆ ಅದಕ್ಕಿಂತ ಹೆಚ್ಚು ಕಳವಳ ತಂದದ್ದು ಮನೆಯವರ ಮೇಲಿನ ಆರೋಪಗಳು. ಹುಡುಗನ ರಕ್ತದ ಮಾದರಿಯನ್ನು ಆಸ್ಪತ್ರೆಯಲ್ಲಿ ಬದಲಿಸಿ ತಾಯಿಯ ರಕ್ತವನ್ನಿಟ್ಟರು, ಕಾರು ಓಡಿಸಿದವನು ತಾನೆಂದು ಒಪ್ಪಿಕೊಳ್ಳುವಂತೆ ಮನೆಯ ಚಾಲಕನನ್ನು ಒತ್ತಾಯಿಸಿದರು ಎಂಬುದು ಪೊಲೀಸರ ಆರೋಪ. ತಂದೆ, ತಾಯಿ, ತಾತ, ವೈದ್ಯರು ಬಂಧನಕ್ಕೊಳಗಾದರು. ಅದರ ಸತ್ಯಾಸತ್ಯವನ್ನು ನ್ಯಾಯಾಲಯ ನಿರ್ಣಯಿಸಬೇಕು, ನಾವು ನಿರ್ಣಯಿಸಲಾಗದು. ಆದರೆ ಆ ಆರೋಪವನ್ನು ಓದಿದ ಪ್ರತಿಯೊಬ್ಬ ತಾಯಿತಂದೆ ಒಂದು ಕ್ಷಣ ತಮ್ಮನ್ನೇ ಕೇಳಿಕೊಳ್ಳಬಹುದು: ಕೈಯಲ್ಲಿ ಹಣವಿದ್ದರೆ, ಗೊತ್ತಿರುವ ವೈದ್ಯರಿದ್ದರೆ, ಆ ರಾತ್ರಿ ನಾನೇನು ಮಾಡುತ್ತಿದ್ದೆ? ಈ ಪ್ರಶ್ನೆಗೆ ತಟ್ಟನೆ ಉತ್ತರ ಹೇಳುವವರನ್ನು ನಾನು ನಂಬಲಾರೆ.

2019ರಿಂದ ಮೋಟಾರು ವಾಹನ ಕಾನೂನು ಈ ವಿಷಯದಲ್ಲಿ ಖಂಡಿತವಾಗಿ ಮಾತನಾಡುತ್ತಿದೆ. ಅಪ್ರಾಪ್ತ ವಯಸ್ಕರು ವಾಹನ ನಡೆಸಿ ಅಪರಾಧವೆಸಗಿದರೆ ಪೋಷಕರೇ ಅಥವಾ ವಾಹನದ ಒಡೆಯರೇ ತಪ್ಪಿತಸ್ಥರು. ಮೂರು ವರ್ಷದವರೆಗೆ ಸೆರೆ, ಇಪ್ಪತ್ತೈದು ಸಾವಿರ ರೂಪಾಯಿ ದಂಡ. ತಮಗೆ ತಿಳಿಯದೆ ನಡೆಯಿತು, ಅಥವಾ ತಡೆಯಲು ತಕ್ಕ ಎಚ್ಚರ ವಹಿಸಿದ್ದೆವು ಎಂದು ತೋರಿಸಿಕೊಟ್ಟರೆ ಮಾತ್ರ ವಿನಾಯಿತಿ. ನಮ್ಮ ಊರುಗಳಲ್ಲಿ ಒಂಬತ್ತನೆಯ ತರಗತಿಯ ಹುಡುಗ ಟ್ಯೂಷನ್ನಿಗೆ ಸ್ಕೂಟರಿನಲ್ಲಿ ಹೋಗುವುದನ್ನು ಹೆಮ್ಮೆಯಿಂದ ನೋಡುವ ತಂದೆಯರು ಎಷ್ಟಿಲ್ಲ? ಕೀಲಿ ಕೊಟ್ಟ ಕೈ ಯಾವುದೆಂದು ಕಾನೂನು ಈಗ ಕೇಳುತ್ತಿದೆ. ಕೇಳಬೇಕಾದ ಪ್ರಶ್ನೆಯೇ ಅದು. ಆದರೆ ತಂದೆಯನ್ನು ದಂಡಿಸುವುದರಿಂದ ಮಗನ ಹೊಣೆ ಮುಗಿಯಿತೆಂದು ಭಾವಿಸಿದರೆ, ಅದೂ ಮುಚ್ಚಿಡುವ ದಾರಿಯೇ. ಮಗನ ತಪ್ಪನ್ನು ತಂದೆ ತನ್ನ ಮೈಮೇಲೆ ಎಳೆದುಕೊಂಡರೆ, ಮಗನಿಗೆ ಅದು ಎಂದಿಗೂ ತನ್ನದಾಗುವುದಿಲ್ಲ.

ಪಕ್ಕದಲ್ಲಿ ನಿಲ್ಲುವುದು

ನನ್ನ ಪರಿಚಿತರು ಆ ರಾತ್ರಿ ಅಣ್ಣನ ಮಾತನ್ನೂ ಕೇಳಲಿಲ್ಲ, ಭಾವಮೈದುನನ ಮಾತನ್ನೂ ಕೇಳಲಿಲ್ಲ. ಅದು ವಿವೇಕದಿಂದಲೋ ದಣಿವಿನಿಂದಲೋ ತಮಗೇ ತಿಳಿಯದೆಂದು ಅವರು ಹೇಳುತ್ತಾರೆ. ಮರುದಿನ ಮಗನನ್ನು ಕರೆದುಕೊಂಡು ಠಾಣೆಗೆ ಹೋದರು. ನಡೆದದ್ದನ್ನು ನಡೆದಂತೆಯೇ ಹೇಳೆಂದು ದಾರಿಯಲ್ಲಿ ಮಗನಿಗೆ ಹೇಳಿದರು. ಹೇಳುವಾಗ ನಾನು ಪಕ್ಕದಲ್ಲಿರುತ್ತೇನೆಂದೂ ಹೇಳಿದರು. ಕಾನೂನು ಸೇವಾ ಪ್ರಾಧಿಕಾರದಿಂದ ಒಬ್ಬ ತರುಣ ವಕೀಲರು ದೊರೆತರು. ಮಂಡಳಿಯ ಮುಂದೆ ನಾಲ್ಕು ಸಲ ಹೋದರು. ನಾಲ್ಕು ಸಲವೂ ಕಚೇರಿಗೆ ರಜೆ ಹಾಕಿ, ಕಾರಣದ ಸ್ಥಳದಲ್ಲಿ ನಿಜವನ್ನೇ ಬರೆದರು. ಪರಿವೀಕ್ಷಣಾಧಿಕಾರಿ ಮನೆಗೆ ಬಂದು, ಹುಡುಗ ಎಷ್ಟು ಹೊತ್ತಿಗೆ ಏಳುತ್ತಾನೆ, ಯಾರ ಜತೆ ಊಟ ಮಾಡುತ್ತಾನೆ, ತಂದೆಯೊಡನೆ ಏನು ಮಾತನಾಡುತ್ತಾನೆ ಎಂದೆಲ್ಲ ವಿಚಾರಿಸಿದರು. ಕೊನೆಯ ಪ್ರಶ್ನೆಗೆ ತಂದೆಯಲ್ಲಿ ಉತ್ತರವಿರಲಿಲ್ಲ. ಎರಡು ವರ್ಷಗಳಿಂದ ಅಂಕದ ಮಾತೊಂದನ್ನು ಬಿಟ್ಟು ಬೇರೆ ಮಾತೇ ನಡೆದಿರಲಿಲ್ಲವೆಂದು ಅವರಿಗೆ ಆಗ ಹೊಳೆಯಿತು. ಹದಿನಾರು ತುಂಬಿದ ಮಗನನ್ನು ಗೆಳೆಯನಂತೆ ಕಾಣಬೇಕೆಂಬುದು ನಮ್ಮ ಹಳೆಯ ನೀತಿ. ಹದಿನೈದರವರೆಗೆ ಪರಿಚಯವೇ ಇಲ್ಲದವನೊಡನೆ ಹದಿನಾರಕ್ಕೆ ಗೆಳೆತನ ಎಲ್ಲಿಂದ ಬರಬೇಕು?

ಎಲ್ಲಕ್ಕಿಂತ ಕಷ್ಟವಾದದ್ದು ಗಾಯಗೊಂಡ ಹುಡುಗನ ಮನೆಗೆ ಹೋದದ್ದು. ಆ ಮನೆಯವರು ಬರಬಹುದೆಂದು ಹೇಳಿಕಳಿಸಿದ ಮೇಲೆಯೇ ಮಗನನ್ನು ಕರೆದುಕೊಂಡು ಹೋದರು. ಆ ತಾಯಿ ಕುಳಿತುಕೊಳ್ಳಿರೆಂದು ಹೇಳಲಿಲ್ಲ. ಹುಡುಗ ತಲೆ ತಗ್ಗಿಸಿ, ತಪ್ಪಾಯಿತು ಎಂದ. ಆಕೆ ಅವನ ಮುಖವನ್ನು ಬಹಳ ಹೊತ್ತು ನೋಡಿ, "ನನ್ನ ಮಗ ಈಗಲೂ ಪೆನ್ಸಿಲ್ ಕಂಡರೆ ಹಿಂದೆ ಸರಿಯುತ್ತಾನೆ, ಕಣಪ್ಪ" ಎಂದಳು. ಅಷ್ಟೇ ಮಾತು. ಕ್ಷಮಿಸಿದ್ದೇನೆಂದು ಹೇಳಲಿಲ್ಲ, ಹೇಳಬೇಕಾದ ಋಣವೂ ಆಕೆಗಿರಲಿಲ್ಲ. ಮನೆಗೆ ಬಂದ ಹುಡುಗ ಅಂದು ಊಟ ಮಾಡಲಿಲ್ಲ. ಮುನ್ನೂರು ಪದಗಳ ಪ್ರಬಂಧ ಕಲಿಸಲಾರದ್ದನ್ನು ಆ ತಾಯಿಯ ಒಂದು ಮಾತು ಕಲಿಸಿತೆಂದು ತಂದೆ ನಂಬಿದ್ದಾರೆ. ಮಕ್ಕಳ ಮೇಲಿನ ಕರುಣೆಯ ಹೆಸರಿನಲ್ಲಿ ನಮ್ಮ ಚರ್ಚೆಗಳು ಮರೆಯುವ ಸಂಗತಿಯೂ ಇದೇ: ನೋವುಂಡ ಮನೆಯಲ್ಲಿಯೂ ತಂದೆತಾಯಿಗಳಿದ್ದಾರೆ. ಅವರ ಕಣ್ಣಿಗೆ ಬೀಳದ ಸುಧಾರಣೆ ಪೂರ್ಣವಾದ ಸುಧಾರಣೆಯಲ್ಲ.

ಮಂಡಳಿ ಬುದ್ಧಿ ಹೇಳಿ, ಆರು ವಾರಗಳ ಸಮಾಲೋಚನೆಗೆ ಸೂಚಿಸಿ ಪ್ರಕರಣವನ್ನು ಮುಗಿಸಿತು. ಶಾಲೆ ಮಾತ್ರ ಮನಸ್ಸು ಬದಲಿಸಲಿಲ್ಲ. ಹುಡುಗ ಈಗ ಎರಡು ಬಸ್ಸು ಹತ್ತಿ ಸರ್ಕಾರಿ ಪ್ರೌಢಶಾಲೆಯೊಂದಕ್ಕೆ ಹೋಗುತ್ತಿದ್ದಾನೆ. ಅಲ್ಲಿಯ ಮುಖ್ಯೋಪಾಧ್ಯಾಯಿನಿಯವರಿಗೆ ತಂದೆ ನಡೆದದ್ದನ್ನೆಲ್ಲ ತಾವಾಗಿಯೇ ತಿಳಿಸಿದರಂತೆ. ಹೇಳಬೇಕಾದ ಕಟ್ಟುಪಾಡಿರಲಿಲ್ಲ. ಆಕೆ ಕೇಳಿಕೊಂಡು, "ಮುಂದಿನ ಬೆಂಚಿನಲ್ಲಿ ಕೂರಿಸುತ್ತೇನೆ, ನೀವು ತಿಂಗಳಿಗೊಂದು ಸಲ ಬರಬೇಕು" ಎಂದಷ್ಟೇ ಹೇಳಿದರಂತೆ. ಹುಡುಗ ಒಳ್ಳೆಯವನಾದನೇ ಎಂದು ಕೇಳಿದರೆ ತಂದೆ ನಗುತ್ತಾರೆ. "ಈಗ ಸಿಟ್ಟು ಬಂದರೆ ಕೈ ಹಿಂದೆ ಕಟ್ಟಿಕೊಳ್ಳುತ್ತಾನೆ. ಸದ್ಯಕ್ಕೆ ಅಷ್ಟು ಸಾಕು" ಎನ್ನುತ್ತಾರೆ.

ಮಾಂಡವ್ಯನ ಕಥೆಗೆ ಒಂದು ಉತ್ತರಾರ್ಧವಿದೆ. ಬಾಲಕನ ತಪ್ಪಿಗೆ ಮಿತಿಮೀರಿದ ದಂಡ ವಿಧಿಸಿದ ಧರ್ಮದೇವತೆ ಶಾಪದಿಂದ ಭೂಮಿಗೆ ಇಳಿದು ಹುಟ್ಟಿದ್ದು ವಿದುರನಾಗಿ. ಅದೇ ವಿದುರ ಹಸ್ತಿನಾವತಿಯ ಸಭೆಯಲ್ಲಿ, ಮಗನ ತಪ್ಪನ್ನು ಕಾಣಲೊಲ್ಲದ ಒಬ್ಬ ತಂದೆಗೆ ಜೀವಮಾನವಿಡೀ ಬುದ್ಧಿ ಹೇಳುತ್ತ ಕಳೆದ. ಅತಿಯಾದ ದಂಡ ಎಷ್ಟು ದೊಡ್ಡ ತಪ್ಪೋ, ಕುರುಡಾದ ಮಮತೆಯೂ ಅಷ್ಟೇ ದೊಡ್ಡ ತಪ್ಪೆಂಬುದನ್ನು ಒಂದೇ ಪಾತ್ರದ ಎರಡು ಜನ್ಮಗಳಲ್ಲಿ ನಮ್ಮ ಹಿರಿಯರು ಇಟ್ಟುಹೋದರು. ಧೃತರಾಷ್ಟ್ರ ಆ ಮಾತನ್ನು ಕೇಳಿಯೂ ಕೇಳಲಿಲ್ಲ. ಸಂಜೆ ದೀಪ ಹಚ್ಚುವ ಹೊತ್ತಿಗೆ ಠಾಣೆಯಿಂದ ಕರೆ ಬಂದ ಮನೆಗಳಲ್ಲಿ ವಿದುರ ಇಂದಿಗೂ ಅದೇ ಮಾತನ್ನು ಹೇಳುತ್ತಿದ್ದಾನೆ.